ಪಾರಿವಾಳದ ಕುಬಸ

ರುಕ್ಮಿಣಿಬಾಯಿ ಆಳಂದದಲ್ಲಿ ಕೌದಿ ಹೊಲಿದು ಬದುಕುತ್ತಿದ್ದಳು. ಗಂಡ ಸತ್ತ ಮೇಲೆ ಅತ್ತೆಯ ಮನೆಯ ಪಡಸಾಲೆಯ ಒಂದು ಮೂಲೆಯೇ ಅವಳದಾಗಿತ್ತು. ಮಾತು ಕಡಿಮೆ, ಹೊಲಿಗೆ ಗಟ್ಟಿ. ಹಳೇ ಬಟ್ಟೆಗಾಗಿ ಅವಳು ಅಣ್ಣಾರಾಯನ ಅಂಗಡಿಗೆ ಹೋಗುತ್ತಿದ್ದಳು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅವನು ಮಿಲಿಟರಿಯವರು ಹರಾಜು ಹಾಕಿದ ಬಟ್ಟೆಯ ಗಂಟುಗಳನ್ನು ಸೊಲ್ಲಾಪುರದಿಂದ ತಂದು ಮಾರತೊಡಗಿದ್ದ.

ಒಂದು ಸಂತೆಯ ದಿನ ಹೋದರೆ ಅಂಗಡಿಯ ಮುಂದೆ ಗಂಡಸರು ಕಿಕ್ಕಿರಿದಿದ್ದರು. ಬಾಗಿಲ ಮೊಳೆಗೆ ಒಂದು ಪುಟ್ಟ ಖಾಕಿ ಬಟ್ಟೆ ತೂಗುತ್ತಿತ್ತು. ಉಬ್ಬಿದ ಹೊಲಿಗೆ, ಹಿಂದೆ ಲಾಡಿ, ಜೋತುಬಿದ್ದ ಉದ್ದನೆಯ ಪಟ್ಟಿ. ಮೇಮ್‌ಸಾಬಳ ಕುಬಸವೆಂದು ಅಣ್ಣಾರಾಯ ಸಾರುತ್ತಿದ್ದ. ಬಂದವರು ಅದನ್ನು ಹಿಚುಕುವುದು, ಹೊಲಸು ಮಾತಾಡಿ ಎಲೆಯಡಿಕೆಯ ಕೆಂಪು ಹಲ್ಲು ಕಿಸಿಯುವುದು. ಒಬ್ಬನಂತೂ ಮೂಸಿ ನೋಡಿದ.

“ಬಾ ಬೇ ರುಕ್ಮಿಣಿ, ನಿನಗ ಬರೋಬ್ಬರಿ ಆಗ್ತದೇನು ನೋಡಾಮ್,” ಎನ್ನುತ್ತ ಅಣ್ಣಾರಾಯ ಅದನ್ನು ಅವಳ ಎದೆಯೆದುರು ಹಿಡಿದ.

ಅವಳು ಅದನ್ನು ಕಿತ್ತುಕೊಂಡಳು. ಒಳಗೆ ಬೆರಳಿಟ್ಟರೆ ಒಣಗಿದ ಹಿಕ್ಕೆ, ಹೊಲಿಗೆಯ ಸಂದಿನಲ್ಲಿ ಬೂದು ಪುಕ್ಕ.

“ಇದು ಹೆಣ್ಮಕ್ಕಳದಲ್ಲ, ಹಕ್ಕೀದು,” ಎಂದಳು. ನಗು ಇನ್ನೂ ಜೋರಾಯಿತು.

ಕಟ್ಟೆಯ ತುದಿಯಲ್ಲಿ ಚಹಾ ಹಿಡಿದು ಖಾಜಾ ಕುಳಿತಿದ್ದ. ಫೌಜಿನಲ್ಲಿದ್ದು ಬರ್ಮಾದ ಕಾಡು ಕಂಡು ಬಂದವನು. ಅವಳು ಅವನತ್ತ ತಿರುಗಿದಳು.

“ಖಾಜಾಭಾಯಿ, ಇದೇನಂತ ನಿಮಗ ಗೊತ್ತಿಲ್ಲೇನ್ರಿ?”

ಅವನು ಬಸಿಯಲ್ಲಿದ್ದ ಚಹಾ ನೋಡಿದ. “ಗೊತ್ತದ ಬಾಯಿ. ಪಾರಿವಾಳದ್ದು. ವಿಮಾನದಿಂದ ಛತ್ರಿ ಕಟ್ಕೊಂಡು ಜಿಗಿಯೋ ಸಿಪಾಯಿ ಇದರಾಗ ಹಕ್ಕಿ ಸುತ್ತಿ ಎದಿಗೆ ಕಟ್ಕೊಳ್ತಿದ್ದ. ಕೆಳಗ ಇಳಿದ ಮ್ಯಾಗ ಅದರ ಕಾಲಿಗೆ ಚೀಟಿ ಕಟ್ಟಿ ಹಾರಿಸ್ತಿದ್ರು. ತಂತಿ ಇಲ್ಲದಲ್ಲಿ ಅದೇ ಸುದ್ದಿ ಒಯ್ಯಾದು. ಅಂಥಾದೊಂದು ಹಕ್ಕಿ ಹೋಗಿ ಮುಟ್ಟಿದ್ದಕ್ಕ ನಮ್ಮ ಟುಕಡಿ ಉಳೀತು.”

“ಮುಂಜಾನಿಂದ ಇಲ್ಲೇ ಕುಂತೀರಿ. ಯಾಕ ಹೇಳಲಿಲ್ಲ?”

“ಸಾವ್ಕಾರ್ರು ಚಹಾ ಕುಡಸಾಕತ್ತಿದ್ರು. ಎಲ್ಲಾರೂ ನಕ್ಕರು, ನಾನೂ ನಕ್ಕೆ.”

ಅಣ್ಣಾರಾಯನ ಬಾಯಿ ಅವಳಿಗೆ ಹೊಸದಲ್ಲ. ಖಾಜಾ ಹಾಗಲ್ಲ. ತನ್ನ ಜೀವ ಯಾವುದರಿಂದ ಉಳಿಯಿತೆಂದು ಬಲ್ಲವನು. ಬಲ್ಲವನೇ ಒಂದು ಬಸಿ ಚಹಾಕ್ಕೆ ಕುಳಿತು ಹಲ್ಲು ಕಿಸಿದಿದ್ದ. ಅವನ ಮೀಸೆಗೆ ಅಂಟಿದ್ದ ಹಾಲಿನ ಕೆನೆ ಅವಳ ಕಣ್ಣಿಗೆ ಬಿತ್ತು. ಮುಖ ತಿರುಗಿಸಿ ಉಗುಳಿ, ಬಟ್ಟೆಯನ್ನು ಮುದುಡಿಕೊಂಡು ಹೊರಟಳು.

“ಒಯ್ಯಲಿ ಬಿಡ್ರಿ, ಗಂಟಿನಾಗ ಇನ್ನೂ ಬೇಕಾದಷ್ಟು ಅವ,” ಎಂದು ಅಣ್ಣಾರಾಯ ಅನ್ನುತ್ತಿದ್ದುದು ಕೇಳಿಸಿತು.

ಮನೆಯಲ್ಲಿ ಅದನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು. ಆದರೂ ಅಷ್ಟು ಕೈಗಳು ಹಿಚುಕಿದ್ದನ್ನು ಕೌದಿಗೆ ಸೇರಿಸಿ ಯಾರದೋ ಕೂಸಿಗೆ ಹೊದಿಸಲು ಮನಸ್ಸು ಒಪ್ಪಲಿಲ್ಲ. ಒಲೆಗೆ ಹಾಕಿದಳು.

ಆ ವಾರವೇ ಅಂಗಡಿಯ ಮೊಳೆಗೆ ಇನ್ನೊಂದು ಬಂತು. ಪಾರಿವಾಳದ್ದೆಂದು ಈಗ ಊರಿಗೆಲ್ಲ ಗೊತ್ತು. ಹೆಸರು ಮಾತ್ರ ಮೇಮ್‌ಸಾಬಳ ಕುಬಸವೇ. ರುಕ್ಮಿಣಿಬಾಯಿ ಮತ್ತೆ ಆ ಅಂಗಡಿ ಹತ್ತಲಿಲ್ಲ. ಬಟ್ಟೆ ಬೇಕಾದಾಗ ದೂರದ ಕಡಗಂಚಿಗೆ ಹೋಗಿ ಬರುತ್ತಿದ್ದಳು. ದಾರಿಯಲ್ಲಿ ಎದುರಾಗಿ ಖಾಜಾ ಸಲಾಮು ಹೇಳಿದರೆ, ಸೆರಗನ್ನು ಮೂಗಿಗೆ ಹಿಡಿದು, ಗಟಾರ ದಾಟುವವಳಂತೆ ಆಚೆ ಬದಿಗೆ ಸರಿದು ಹೋಗುತ್ತಿದ್ದಳು.