‘ಅಳಿಸು’ ಎಂಬ ಗುಂಡಿ

“ಇದ್ಯಾಕಪ್ಪ, ನಮ್ಮ ಯಜಮಾನ್ರ ಫೋಟೊ ಕೆಳಗೆ ‘ಅಳಿಸು’ ಅಂತ ಐತೆ? ಇನ್ನೂ ಎಷ್ಟು ಅಳಿಸ್ಬೇಕಂತೆ ನನ್ನ?”

ಕುದೂರಿನ ನನ್ನ ಜೆರಾಕ್ಸ್ ಅಂಗಡಿಗೆ, ತೀರಿಹೋದ ಗಂಡನ ಫೋಟೊ ದೊಡ್ಡದು ಮಾಡಿಸಲು ಬಂದಿದ್ದ ಜಯಮ್ಮನವರು ಕೇಳಿದರು. ಅವತ್ತು ಬೆಳಿಗ್ಗೆಯಷ್ಟೇ ಕಂಪ್ಯೂಟರ್ ಅಪ್‌ಡೇಟ್ ಆಗಿ, ಇಂಗ್ಲಿಷ್ ಗುಂಡಿಗಳೆಲ್ಲ ಕನ್ನಡಕ್ಕೆ ತಿರುಗಿದ್ದವು. ಯಾವುದು ಎಲ್ಲಿದೆಯೆಂದು ತಿಳಿಯದೆ ನಾನು ಸಿಡಿಮಿಡಿಗೊಂಡಿದ್ದೆ.

“ಅದು ಅಳೋದಲ್ಲ ಕಣಮ್ಮ, ಡಿಲೀಟು. ಅಂದ್ರೆ ಒರೆಸಿಹಾಕೋದು” ಎಂದೆ.

ಅವರು ಫೋಟೊವನ್ನೇ ನೋಡುತ್ತ ನಕ್ಕರು. “ಅಳ್ಸೋರೂ ಅವ್ರೇ, ಒರ್ಸೋರೂ ಅವ್ರೇ ಆಗಿದ್ರು ಕಣಪ್ಪ.”

ಪ್ರಿಂಟ್ ಕೊಟ್ಟ ಮೇಲೆ ಗಿರಾಕಿಗಳ ಫೋಟೊ ತೆಗೆದುಹಾಕುವುದು ನನ್ನ ರೂಢಿ. ಆ ಯಜಮಾನರ ಫೋಟೊ ಮಾತ್ರ ಇನ್ನೂ ಕಂಪ್ಯೂಟರಿನಲ್ಲೇ ಇದೆ. ‘ಅಳಿಸು’ ಒತ್ತಲು ಕೈ ಬರುತ್ತಿಲ್ಲ.