ಅಪ್ಪ ಹೊಲಕ್ಕೆ ಒಯ್ಯುತ್ತಿದ್ದ ಚರಗಿ

ಅಪ್ಪನಿಗೆ ಹೊಲದ ಮೇಲೆ ಜೀವ. ನಸುಕಿನಲ್ಲಿ ಒಮ್ಮೆ, ರೊಟ್ಟಿ ತಿಂದ ಕೂಡಲೇ ಒಮ್ಮೆ, ಮಧ್ಯಾಹ್ನ ಎರಡು ಸಲ, ಸಂಜೆ ಮತ್ತೆ. ನೀರಿನ ಹಿತ್ತಾಳೆ ಚರಗಿ ಹಿಡಿದು ಘಾಟಬೋರಾಳದ ನಮ್ಮ ಮನೆಯಿಂದ ತೊಗರಿ ಹೊಲಕ್ಕೆ ನಿಧಾನವಾಗಿ ನಡೆದು ಹೋಗುತ್ತಿದ್ದ. ಚರಗಿ ಹಿಡಿದವನು ಬಯಲಕಡೆಗೆ ಹೊರಟವನೆಂದು ಊರಿಗೆಲ್ಲ ಗೊತ್ತು. ಆದರೆ ಐದು ಸಲ? ಚರಗಿ ಬರೇ ನೆಪ, ಅವನಿಗೆ ಬೆಳೆ ನೋಡದೆ ಇರಲಾಗದು ಎಂದು ಊರು ಹೊಗಳುತ್ತಿತ್ತು. ಅವನು ತೀರಿಕೊಂಡಾಗ, ನೆರೆದವರ ಮುಂದೆ ನಾನೂ ಅದನ್ನೇ ಹೇಳಿದೆ. ಅಕ್ಕ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು.

ಈ ಪ್ಯಾರಾ ಇರಲಿ. ಎಷ್ಟು ಉಳಿಯುತ್ತದೋ ನೋಡೋಣ.

ಮೂರು ತಿಂಗಳಿಂದ ನನ್ನ ಹೊಟ್ಟೆ ಮಾತು ಕೇಳುತ್ತಿರಲಿಲ್ಲ. ಬಸವಕಲ್ಯಾಣದಲ್ಲಿ ನಾನು ತೋರಿಸುವ ಡಾಕ್ಟರಬಾಯಿ ರಿಪೋರ್ಟು ನೋಡಿ, "ಕರುಳಿಗಿ ಬಾವು ಬಂದಂಗ ಕಾಣ್ತದ್ರಿ. ನಿಮ್ಮ ಮನ್ಯಾಗ ಯಾರಿಗರ ಹಿಂಗ ಇತ್ತೇನು? ಇದ್ದರ ಕ್ಯಾಮೆರಾ ಹಾಕಿ ನೋಡೋದು ತಡ ಮಾಡೋದು ಬ್ಯಾಡ. ಇರಲಿಲ್ಲಂದ್ರ ಎರಡು ವಾರ ಗುಳಿಗಿ ಕೊಟ್ಟು ನೋಡೂಣು" ಎಂದರು. ಕ್ಯಾಮೆರಾ ಯಾವ ದಾರಿಯಿಂದ ಹೋಗುತ್ತದೆಂದು ಕೈ ಮಾಡಿ ತೋರಿಸಿದರು. ಆ ಕ್ಷಣದಿಂದ ನನಗೆ ಬೇಕಾದದ್ದು ಒಂದೇ ಮಾತು: ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ಮಾತು ಹೇಳಬಲ್ಲವಳು ನನಗಿಂತ ಹತ್ತು ವರ್ಷ ದೊಡ್ಡ ಅಕ್ಕ. ಹುಮನಾಬಾದಿನ ಹತ್ತಿರ ಮಾಣಿಕನಗರದಲ್ಲಿ ಅವಳ ಮನೆ. ಬಸ್ಸಿನಲ್ಲಿ ಬಾಗಿಲ ಬಳಿಯ ಸೀಟು ಹಿಡಿದು ಹೋದೆ.

ಅವಳು ಕಾಸಿದ ಹಾಲಿಗೆ ಬೆರಳದ್ದಿ ಬಿಸಿ ನೋಡುತ್ತಿದ್ದಳು.

"ನಮ್ಮ ಮನ್ಯಾಗ ಯಾರಿಗೂ ಹೊಟ್ಟಿ ತ್ರಾಸ ಇರಲಿಲ್ಲ ಅಲ್ಲಕ್ಕಾ?"

"ಅಪ್ಪಗ ಇತ್ತಲ್ಲೋ."

"ಅಪ್ಪಗ? ಕಲ್ಲು ತಿಂದ್ರೂ ಕರಗಸ್ತಿದ್ದ ಅಂವ."

"ಮತ್ತ ದಿನಾ ಐದು ಸಲ ಚರಗಿ ಹಿಡಕೊಂಡು ಎಲ್ಲಿ ಹೋಗ್ತಿದ್ದ?"

"ಬೆಳಿ ನೋಡಾಕ."

"ರಾಶಿ ಮಾಡಿ ತೊಗರಿ ಮನಿಗಿ ತಂದ ಮ್ಯಾಲೂ ಹೋಗ್ತಿದ್ದ. ಬರೇ ಮಣ್ಣು ನೋಡಾಕೇನು?"

ಅಕ್ಕ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದಳು.

"ಅವ್ವಗ ಎಲ್ಲಾ ಗೊತ್ತಿತ್ತು. ಮಂದಿ ಹೊಗಳಾಕತ್ತಿದ್ದರು, ಆಕಿ ಯಾಕ ಬಿಡಸ್ತಾಳ?"

"ನಾ ಅವತ್ತು ಎಲ್ಲಾರ ಮುಂದ ಹೇಳಿದಾಗ ನೀನೂ ಅತ್ತಿ."

"ಅಳಾಕತ್ತಿರಲಿಲ್ಲೋ ತಮ್ಮಾ," ಎಂದಳು. ಸೆರಗು ಮತ್ತೆ ಬಾಯಿಗೆ ಹೋಯಿತು. ಈ ಸಲ ಅವಳ ಭುಜ ಕುಣಿಯುವುದನ್ನು ಸರಿಯಾಗಿ ನೋಡಿದೆ.

ಅವಳೇ ಒತ್ತಾಯ ಮಾಡಿ ಡಾಕ್ಟರಬಾಯಿಗೆ ಫೋನ್ ಹಚ್ಚಿಸಿದಳು. ಸ್ಪೀಕರ್ ಹಾಕಿ ಎಲ್ಲ ಹೇಳಿ, ಕೊನೆಗೆ ಕೇಳಿದೆ: "ಅಕ್ಕಗೂ ಅದೇ ಅಪ್ಪರಿ. ಆಕಿಗ್ಯಾಕ ಏನೂ ಇಲ್ಲ?"

"ಅಪ್ಪನಿಂದ ಬರೋದು ರೋಗ ಅಲ್ರಿ, ರೋಗ ಬರೋ ಸಾಧ್ಯತೆ ಅಷ್ಟ. ಅದೂ ಎಲ್ಲಾ ಮಕ್ಕಳಿಗಿ ಒಂದೇ ಸಮ ಬರಂಗಿಲ್ಲ. ಮತ್ತ ಕರುಳಿನ್ಯಾಗ ಕೋಟಿಗಟ್ಟಲೆ ಸೂಕ್ಷ್ಮಜೀವಿ ಇರ್ತಾವ, ಒಬ್ಬೊಬ್ಬರಿಗಿ ಒಂದೊಂದು ಥರ. ಕೆಲವರ ದೇಹ ಅವನ್ನ ವೈರಿ ಅಂತ ತಿಳಿದು ಜಗಳ ತೆಗೀತದ. ಬಾವು ಬರೋದು ಆ ಜಗಳದಿಂದ."

ಅಕ್ಕ ಹಾಲಿನ ಪಾತ್ರೆ ನೋಡಿದಳು. "ಅಂದ್ರ ಹಾಲು ಒಂದೇ, ಹೆಪ್ಪು ಬ್ಯಾರೆ ಅನ್ರಿ."

"ಅಷ್ಟು ಸರಳ ಇಲ್ರಿ. ಆದ್ರ ನಡೀತದ."

"ಹಂಗಾದ್ರ ನನ್ನ ಮೊಸರು ಉಂಡ್ರ ಇಂವ ಆರಾಮ ಆಗ್ತಾನೇನ್ರಿ?"

"ಮೊಸರು ಉಣ್ಲಿ. ಗುರುವಾರ ಕ್ಯಾಮೆರಾಕ್ಕೂ ಬರ್ಲಿ."

ಗುರುವಾರ ಅಕ್ಕ ಮೊಸರಿನ ಡಬ್ಬಿ ಹಿಡಿದು ಕಲ್ಯಾಣಕ್ಕೆ ಬಂದಳು. ಕ್ಯಾಮೆರಾ ನಾನು ಹೆದರಿದಷ್ಟು ಕೆಟ್ಟದ್ದಾಗಿರಲಿಲ್ಲ. ಹಿಂದಿನ ದಿನ ಹೊಟ್ಟೆ ತೊಳೆಯಲು ಕುಡಿಸಿದ ನೀರೇ ಹೆಚ್ಚು ಕಾಡಿತು. ಬಾವು ಇತ್ತು. ಬೇಗ ಸಿಕ್ಕಿತು, ಹಿಡಿತಕ್ಕೆ ಬರುತ್ತದೆ ಎಂದರು. ಗುಳಿಗೆ ದಿನಾ ತಪ್ಪಿಸುವಂತಿಲ್ಲ. ಈಗ ರೊಟ್ಟಿ ಉಂಡು ಕೂತಲ್ಲೇ ಕೂತಿರುತ್ತೇನೆ. ಇದು ಎಂಥ ಸುಖವೆಂದು ಅಪ್ಪನಿಗೆ ಗೊತ್ತಾಗಲೇ ಇಲ್ಲ.

ಮೊದಲ ಪ್ಯಾರಾದಲ್ಲಿ ಅಪ್ಪ ನಿಧಾನವಾಗಿ ನಡೆದು ಹೋಗುತ್ತಿದ್ದ ಎಂದು ಬರೆದೆ. ಸಾಧ್ಯವಿಲ್ಲ. ಆ ಅವಸರ ಈಗ ನನಗೂ ಗೊತ್ತು. ಆದರೆ ಮರಳಿ ಬರುವಾಗ ನಿಧಾನವಾಗಿಯೇ ಬರುತ್ತಿದ್ದ, ಖಾಲಿ ಚರಗಿ ಬೆರಳಿಗೆ ತೂಗಾಡಿಸುತ್ತ, ಒಂದೊಂದು ಸಾಲು ತೊಗರಿಯನ್ನೂ ನೋಡುತ್ತ. ಇಷ್ಟನ್ನು ಅಕ್ಕನೂ ಒಪ್ಪಿದ್ದಾಳೆ.