ನರಸಿಂಹಯ್ಯನವರ ರಾಗಿ ಗಂಟು

ದೊಡ್ಡಬಳ್ಳಾಪುರದಿಂದ ಗಾರ್ಮೆಂಟ್ಸ್ ಕಡೆ ತಿರುಗುವ ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನರಸಿಂಹಯ್ಯನವರ ರಾಗಿ ಮಾಲ್ಟಿನ ಗಾಡಿ ನಿಂತಿರುತ್ತದೆ. ಅರವತ್ತೆಂಟು ವರ್ಷದ ಗಟ್ಟಿ ಜೀವ. ಮೂವತ್ತೆಂಟು ವರ್ಷ ಪವರ್‌ಲೂಮ್ ಓಡಿಸಿ ಕಿವಿ ಮಂದವಾಗಿದೆ. ಪಕ್ಕದಲ್ಲೇ ನಿಂತವರ ಜೊತೆಗೂ ಮಗ್ಗದ ಸದ್ದನ್ನು ಮೀರಿಸುವ ದನಿಯಲ್ಲೇ ಮಾತಾಡುತ್ತಾರೆ. ಹಾಗಾಗಿ ಅವರು ಯೋಗಕ್ಷೇಮ ಕೇಳಿದರೂ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ನಿಜವಾಗಿ ಜಗಳಕ್ಕೆ ನಿಂತರೆ ಎದುರು ಬದಿಯ ಪಂಕ್ಚರ್ ಅಂಗಡಿಯವನು ಕೈಯಲ್ಲಿನ ಟ್ಯೂಬು ಕೆಳಗಿಟ್ಟು ಎದ್ದು ಬರುತ್ತಾನೆ.

ಮಂಡಿ ಹಿಡಿದುಕೊಂಡ ಮೇಲೆ ಮನೆಯ ಎರಡು ಮಗ್ಗಗಳನ್ನು ಮಗ ನಂದಕುಮಾರನಿಗೆ ಬಿಟ್ಟು, ಮೂರು ವರ್ಷದ ಹಿಂದೆ ಈ ಗಾಡಿ ಹಾಕಿದರು. ಮಗನ ಮುಂದೆ ಕೈಯೊಡ್ಡದೆ ಬದುಕಬೇಕು ಅನ್ನುವುದು ಅವರ ಹಟ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಮನೆಯಲ್ಲಿ ಗಂಡ ಮಕ್ಕಳ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ತಾವು ಬರಿಹೊಟ್ಟೆಯಲ್ಲಿ ಬರುತ್ತಾರೆ. ಒಂದು ಲೋಟ ಬಿಸಿ ಮಾಲ್ಟ್ ಕುಡಿದರೆ ಮಧ್ಯಾಹ್ನದ ಗಂಟೆವರೆಗೆ ಹೊಲಿಗೆ ಮೆಷಿನ್ನಿನ ಮುಂದೆ ಕೂರಬಹುದು ಅನ್ನುವುದು ಅವರ ನಂಬಿಕೆ. ದಿನಕ್ಕೆ ನೂರು, ನೂರಿಪ್ಪತ್ತು ಲೋಟ ಹೋಗುತ್ತಿತ್ತು.

ಮಾಲ್ಟಿನ ಪುಡಿ ತಂದುಕೊಡುತ್ತಿದ್ದವನು ಮನೋಹರ. ಅದ್ಯಾವುದೋ ಕಂಪನಿಯ ಏಜೆಂಟು, ಮೂವತ್ತರ ಹುಡುಗ, ಬೈಕಿನ ಹಿಂದೆ ಐದೈದು ಕೇಜಿಯ ಚೀಲ ಕಟ್ಟಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದ. ಚೀಲದ ಮೇಲೆ ದಪ್ಪ ರಾಗಿ ತೆನೆಯ ಚಿತ್ರ. ಬಿಸಿನೀರಿಗೆ ಸುರಿದು ಕದಡಿದರೆ ಮುಗಿಯಿತು, ಮಾಲ್ಟ್ ತಯಾರು. ಆ ವರ್ಷ ಮೂರನೇ ಸಲ ಚೀಲದ ಬೆಲೆ ಏರಿಸಿದಾಗ ನರಸಿಂಹಯ್ಯನವರ ತಲೆ ಬಿಸಿಯಾಯಿತು. ರಾಗಿ ಬೆಲೆ ಏನೂ ಏರಿಲ್ಲವಲ್ಲ, ನಿನ್ನ ಚೀಲ ಯಾಕೆ ಏರಿತು ಅಂತ ಕೇಳಿದರು. ಮನೋಹರ ಹಲ್ಲು ಕಿಸಿದು, ಬರೀ ರಾಗಿ ಅಂತ ಯಾರು ಹೇಳಿದ್ರು ಯಜಮಾನ್ರೇ, ಅದರಲ್ಲಿ ಕಂಪನಿ ಫಾರ್ಮುಲಾ ಇರ್ತದೆ ಅಂದ.

ಫಾರ್ಮುಲಾ ಅನ್ನುವ ಮಾತು ಮುಳ್ಳಿನಂತೆ ಚುಚ್ಚಿತು. ಮನೆಗೆ ಬಂದವರೇ ಚೀಲವನ್ನು ಸೊಸೆ ಬಿಂದುಶ್ರೀಯ ಕೈಗೆ ಕೊಟ್ಟು, ಇದರ ಮೇಲೆ ಬರೆದಿರುವುದನ್ನೆಲ್ಲ ಓದು ಅಂದರು. ಹೊಲಿಗೆಯ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಆಕೆ ಮೊಬೈಲಿನಲ್ಲಿ ಫೋಟೋ ಹೊಡೆದು, ದೊಡ್ಡದು ಮಾಡಿ ಓದಿದಳು. ಸಕ್ಕರೆ ನೂರಕ್ಕೆ ಐವತ್ತಾರು ಪಾಲು, ಮೆಕ್ಕೆಜೋಳದ ಗಂಜಿಪುಡಿ ಇಪ್ಪತ್ತೆರಡು, ರಾಗಿ ಹದಿನಾಲ್ಕು. ಉಳಿದದ್ದು ಹಾಲಿನ ಪುಡಿ, ಬಣ್ಣ, ವಾಸನೆ.

ನರಸಿಂಹಯ್ಯ ಚೀಲದಿಂದ ಚಿಟಿಕೆ ಪುಡಿ ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು.

"ಗಂಜಿ ನಾವು ನೂಲಿಗೆ ಹಾಕ್ತೀವಿ ಕಣಮ್ಮ, ಎಳೆ ಬಿಗಿಯಾಗ್ಲಿ ಅಂತ. ಮೂರು ವರ್ಷ ಆ ಹೆಣ್ಣುಮಕ್ಕಳ ಹೊಟ್ಟೆಗೆ ಹಾಕಿದೀನಲ್ಲ. ಬೋರ್ಡ್ ಮೇಲೆ ರಾಗಿ ಅಂತ ಬರ್ಸಿದೀನಿ, ಕೊಟ್ಟಿರೋದು ಸಕ್ಕರೆ ನೀರು."

ಹೆಂಡತಿ ಅಂಜನಮ್ಮ ಸಮಾಧಾನ ಮಾಡಲು ಹೋದರು. ಎಲ್ಲರೂ ಅದನ್ನೇ ಮಾರುತ್ತಾರೆ, ನೀವೊಬ್ಬರೇ ಏನು ಮಾಡುತ್ತೀರಿ ಅಂದರು. ಆ ಮಾತು ಒಲೆಗೆ ಸೌದೆ ಹಾಕಿದ ಹಾಗಾಯಿತು. ನಾವೇ ರಾಗಿ ತಂದು, ನಾವೇ ಮೊಳಕೆ ಕಟ್ಟಿ, ನಾವೇ ಪುಡಿ ಮಾಡುವುದು ಅಂತ ಅಲ್ಲೇ ತೀರ್ಮಾನವಾಯಿತು. ಲೆಕ್ಕವೂ ಬಾಯಲ್ಲೇ ಆಯಿತು. ಮನೋಹರನ ಪುಡಿ ಕೇಜಿಗೆ ಇನ್ನೂರ ನಲವತ್ತು. ಕಾಳು ಮೂಟೆಗಟ್ಟಲೆ ಕೊಂಡು, ಮಿಲ್ಲಿನ ಕೂಲಿ ಸೇರಿಸಿದರೂ ಎಪ್ಪತ್ತು ದಾಟುವುದಿಲ್ಲ.

ಹತ್ತಿರದ ಸಾಸಲು ಹಳ್ಳಿಯ ಲಕ್ಕಮ್ಮನ ಹೊಲದ ರಾಗಿಯೇ ಅವರ ಮನೆಗೆ ಮೊದಲಿನಿಂದಲೂ ಊಟಕ್ಕೆ ಬರುತ್ತಿದ್ದದ್ದು. ಐವತ್ತೈದರ ಹೆಂಗಸು, ಮಾತು ಚುರುಕು. ನರಸಿಂಹಯ್ಯ ಗೂಡ್ಸ್ ಆಟೋ ಮಾಡಿಕೊಂಡು ಹೋಗಿ ಎರಡು ಕ್ವಿಂಟಾಲ್ ತೂಗಿಸಿದರು. ಇಷ್ಟೊಂದು ಯಾಕೆ ಅಂತ ಕೇಳಿ ತಿಳಿದುಕೊಂಡ ಲಕ್ಕಮ್ಮ, ಹೋದ ವರ್ಷದ ರಾಗಿ, ಮೊಳಕೆಗೆ ಚೆನ್ನಾಗಿದೆ ಅಂದಳು. ನೆನೆಹಾಕಿದ ಮೇಲೆ ಬಟ್ಟೆ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಿ ಅಂತ ಇನ್ನೇನೋ ಹೇಳಲು ಹೊರಟಿದ್ದಳು. ನರಸಿಂಹಯ್ಯ ಕೈಯೆತ್ತಿ ತಡೆದರು.

"ರಾಗಿ ವಿಷಯ ನೀನು ಹೇಳು ತಾಯಿ, ಕೇಳ್ತೀನಿ. ಬಟ್ಟೆ ವಿಷಯ ನೇಕಾರನಿಗೆ ಹೇಳ್ಬೇಡ."

ಲಕ್ಕಮ್ಮ ಬಾಯಿ ಮುಚ್ಚಿಕೊಂಡು ಮೂಟೆ ಹೊಲಿದಳು.

ಮೊದಲ ಹದಿನೈದು ಕೇಜಿ ತೊಳೆದು, ನೆನೆಹಾಕಿ, ಮಾರನೇ ದಿನ ಬಸಿದರು. ಗಂಟು ಕಟ್ಟಲು ಅಂಜನಮ್ಮ ಹಳೇ ಪಂಚೆಯೊಂದನ್ನು ತಂದರೆ, ಹರಕಲಲ್ಲಿ ಅನ್ನ ಕಟ್ಟುತ್ತಾರೇನೇ ಅಂತ ಗದರಿದರು. ಮಗ್ಗದ ಮನೆಗೆ ಹೋಗಿ, ತಾವೇ ನೇಯ್ದು ಮಾರಾಟವಾಗದೆ ಉಳಿದಿದ್ದ ಸೀರೆಯೊಂದನ್ನು ತಂದರು. ಕಡುಹಸಿರು ಒಡಲು, ಕೆಂಪು ಅಂಚು, ಬೆರಳಿನಿಂದ ಒತ್ತಿದರೂ ಎಳೆ ಸರಿಯದಷ್ಟು ಬಿಗಿಯಾದ ನೇಯ್ಗೆ. ಅದರಲ್ಲಿ ರಾಗಿ ತುಂಬಿ, ಮದುವೆಯ ಗಂಟಿನ ಹಾಗೆ ಚಂದವಾಗಿ ಬಿಗಿದು, ತೊಲೆಗೆ ನೇತುಹಾಕಿದರು. ಹೋಗಿಬರುವಾಗೆಲ್ಲ ಅದನ್ನೊಮ್ಮೆ ನೋಡಿ ಮೀಸೆ ಸವರುತ್ತಿದ್ದರು.

ಎರಡನೇ ದಿನ ಗಂಟು ಮುಟ್ಟಿದರೆ ಜ್ವರ ಬಂದ ಮಗುವಿನ ಮೈಯಂತೆ ಕಾದಿತ್ತು. ಬಿಚ್ಚಿದಾಗ ಅಂಚಿನ ಕಾಳು ಮೊಳೆತಿದ್ದವು, ನಡುವಿನವು ಅಂಟಂಟಾಗಿದ್ದವು, ಹುಳಿ ವಾಸನೆ ಮೂಗಿಗೆ ಹೊಡೆಯಿತು. ಏನೋ ಕೆಟ್ಟಿದೆ ರೀ ಅಂದರು ಅಂಜನಮ್ಮ. ಮೊಳಕೆ ಅಂದರೆ ಹೀಗೇ, ಬಿಸಿಲಿಗೆ ಹಾಕಿ ಹುರಿದರೆ ಹೋಗುತ್ತದೆ ಅಂತ ನರಸಿಂಹಯ್ಯ ಸಾಧಿಸಿದರು. ಅಂಟಿದ್ದನ್ನೆಲ್ಲ ಆರಿಸಿ ತಿಪ್ಪೆಗೆ ಹಾಕಿ, ಉಳಿದದ್ದನ್ನು ಒಣಗಿಸಿ, ಹುರಿದು, ಮಿಲ್ಲಿಗೆ ಹಾಕಿಸಿದರು. ಪುಡಿಯಲ್ಲಿ ವಾಸನೆ ಅಷ್ಟಾಗಿ ತಿಳಿಯಲಿಲ್ಲ. ನೀರು ಕುದಿದು, ಪುಡಿ ಬಿದ್ದು, ಆವಿ ಎದ್ದಾಗ ತಿಳಿಯಿತು. ಅಷ್ಟರಲ್ಲಿ ಗಾಡಿ ರಸ್ತೆಯಲ್ಲಿತ್ತು, ಎದುರಿಗೆ ಹೆಣ್ಣುಮಕ್ಕಳ ಸಾಲಿತ್ತು.

ಮೊದಲ ಲೋಟ ವಾಣಿಶ್ರೀಯದು. ಹೊಲಿಗೆ ವಿಭಾಗದಲ್ಲಿ ಸೂಪರ್‌ವೈಸರ್ ಆದ ಆ ಹೆಂಗಸು ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ಗುಟುಕು ಬಾಯಿಗಿಟ್ಟು, ಪಕ್ಕಕ್ಕೆ ಹೋಗಿ ಉಗಿದು ಬಂದಳು. "ತಾತ, ಬೇಜಾರ್ ಮಾಡ್ಕೋಬೇಡಿ. ನಮ್ಮ ಮಾವ ಕುಡ್ಕೊಂಡ್ ಬಂದಾಗ ಇದೇ ವಾಸ್ನೆ ಬರ್ತದೆ."

ಸಾಲು ನಕ್ಕಿತು. ಅದೇ ಹೊತ್ತಿಗೆ ಮನೋಹರ ಬೈಕು ನಿಲ್ಲಿಸಿಕೊಂಡು ಅಲ್ಲೇ ಇದ್ದ. ನರಸಿಂಹಯ್ಯನೋರು ಹೆಂಡದಂಗಡಿ ಇಟ್ಟವ್ರೆ, ಲೈಸೆನ್ಸ್ ಐತೇನೋ ಕೇಳ್ರಪ್ಪ ಅಂತ ಪಂಕ್ಚರ್ ಅಂಗಡಿಯವನಿಗೆ ಕೂಗಿ ಹೇಳಿದ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ, ಬೀಗರ ಮನೆಯಲ್ಲಿ ಬಾಟಲಿ ಇಟ್ಟರು ಅಂತ ಊಟ ಬಿಟ್ಟು ಎದ್ದು ಬಂದವರು, ಹೆಂಡದವನು ಅನ್ನಿಸಿಕೊಂಡು ನಡುರಸ್ತೆಯಲ್ಲಿ ನಿಂತರು. ಇಸಿದುಕೊಂಡಿದ್ದ ದುಡ್ಡನ್ನೆಲ್ಲ ವಾಪಸು ಕೊಟ್ಟರು. ಡ್ರಮ್ಮನ್ನು ಚರಂಡಿಗೆ ಬಗ್ಗಿಸಿದರು.

ಮೂರು ದಿನದೊಳಗೆ ಮನೋಹರ ರಸ್ತೆಯ ಎದುರು ಬದಿಯಲ್ಲಿ ತನ್ನದೇ ಗಾಡಿ ನಿಲ್ಲಿಸಿದ. ತೆನೆಯ ಚಿತ್ರದ ದೊಡ್ಡ ಬ್ಯಾನರು, ಕೂಲಿಗೆ ಒಬ್ಬ ಹೆಂಗಸು. ಸಾಲು ಆ ಕಡೆ ಹೋಯಿತು. ಇನ್ನು ನರಸಿಂಹಯ್ಯನವರ ಮುಂದೆ ಎರಡೇ ದಾರಿ. ಆ ಸಾಲನ್ನು ಈ ಕಡೆ ತಿರುಗಿಸಬೇಕು. ಇಲ್ಲವೇ ಗಾಡಿ ಮಾರಿ ಮಗನ ಕೈ ನೋಡುತ್ತಾ ಜಗುಲಿಯ ಮೇಲೆ ಕೂರಬೇಕು.

ಕೋಪ ಮೊದಲು ಹರಿದದ್ದು ಲಕ್ಕಮ್ಮನ ಮೇಲೆ. ಮಿಕ್ಕಿದ್ದ ಪುಡಿಯನ್ನು ಹುಳಿ ನಾರುವ ಅದೇ ಸೀರೆಯಲ್ಲಿ ಗಂಟು ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಅಕ್ಕಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋದರು. ಸಾಸಲಿನಲ್ಲಿ ಇಳಿದು, ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ಲಕ್ಕಮ್ಮನ ಮುಂದೆ ಗಂಟನ್ನು ಕುಕ್ಕಿದರು. ಕೊಳೆತ ರಾಗಿ ಕೊಟ್ಟು ನನ್ನ ಮರ್ಯಾದೆ ಕಳೆದೆ, ನಲವತ್ತು ವರ್ಷದ ನಂಟು ಇದಕ್ಕೇನಾ ಅಂತ ಕೇರಿಗೆಲ್ಲ ಕೇಳುವಂತೆ ಕೂಗಾಡಿದರು. ಲಕ್ಕಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಗಂಟಿನ ಒಂದು ಮೂಲೆಯನ್ನು ಹಿಡಿದು ಉಜ್ಜಿ ನೋಡಿದಳು.

"ಇದು ಯಾವ ಬಟ್ಟೆ ಅಣ್ಣ?"

"ನಾನೇ ನೇಯ್ದಿದ್ದು. ಸಿಲ್ಕ್ ಸೀರೆ."

"ಸಿಲ್ಕಾ? ನೀವು ಹಿಂಗೇ ಸಿಲ್ಕ್ ಅಂದ್ರಿ ಅಂತ ನಾಕು ವರ್ಷದ ಕೆಳಗೆ ನಿಮ್ ಹತ್ರಾನೇ ನಾನೂ ಒಂದು ತಗೊಂಡೆ. ಸೊಸೆ ಸೀಮಂತದಲ್ಲಿ ಉಟ್ಕೊಂಡಿದ್ದೆ. ಒಳಗೆ ಬೆಂದು ಹೋದೆ. ನೀರು ಬಿದ್ರೆ ಜಾರ್ಕೊಂಡು ಹೋಗ್ತದೆ, ಗಾಳಿ ಒಳಕ್ಕೆ ಬರಾಕಿಲ್ಲ. ನನ್ ಮೈ ತಡೀನಿಲ್ಲ, ರಾಗಿ ತಡೀತದಾ? ಕಾಳಿಗೂ ಉಸಿರೈತೆ ಅಣ್ಣ. ಅವತ್ತು ಹೇಳಾಕೆ ಬಂದ್ರೆ ಕೈ ಅಡ್ಡ ಇಟ್ರಿ."

ನರಸಿಂಹಯ್ಯ ಗಂಟಿನ ಅಂಚನ್ನು ತಾವೂ ಮುಟ್ಟಿ ನೋಡಿದರು. ಅದು ಪಾಲಿಸ್ಟರ್ ನೂಲು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಸೂರತ್ತಿನಿಂದ ಬರುವ ಬಾಬಿನ್ನಿನ ಡಬ್ಬದ ಮೇಲೆ ಬರೆದೇ ಇರುತ್ತದೆ. ಆದರೆ ಊರಿನಲ್ಲಿ ಎಲ್ಲರೂ ಅದನ್ನು ಸಿಲ್ಕ್ ಅನ್ನುತ್ತಾರೆ, ಅಂಗಡಿಯವರು ಸಿಲ್ಕ್ ಅಂತ ಚೀಟಿ ಅಂಟಿಸುತ್ತಾರೆ. ಮೂವತ್ತೆಂಟು ವರ್ಷ ಅಂದೂ ಅಂದೂ ಅವರ ಕೈಗೂ ಅದು ಸಿಲ್ಕೇ ಆಗಿಬಿಟ್ಟಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಉರಿದರು. ಮನೋಹರನ ಮೇಲೆ, ಸೀರೆ ಅಂಗಡಿಯವರ ಮೇಲೆ, ಹೆಸರು ಒಂದು ಹೇಳಿ ಸರಕು ಇನ್ನೊಂದು ಕೊಡುವ ಈ ಕಾಲದ ಮೇಲೆ. ಸೀಮಂತದಲ್ಲಿ ಆ ಸೀರೆಯೊಳಗೆ ಬೆವತು ಕೂತ ಲಕ್ಕಮ್ಮನ ನೆನಪಾದಾಗ ಮಾತ್ರ ಆ ಉರಿ ತಮ್ಮ ಕಡೆಗೇ ತಿರುಗಿತು. ಆಕೆಯ ಸೀರೆಯ ದುಡ್ಡು ತೆಗೆದುಕೊಂಡವರು ತಾವೇ.

ಮನೆಗೆ ಬಂದು ಅಂಜನಮ್ಮನನ್ನು ಕರೆದು, ಆ ಪಂಚೆ ಎಲ್ಲಿದೆ ಅಂತ ಕೇಳಿದರು. ಆಕೆ ಯಾವ ಪಂಚೆ ಅಂತ ಬೇಕೆಂದೇ ಎರಡು ಸಲ ಕೇಳಿ, ಆಮೇಲೆ ತಂದುಕೊಟ್ಟರು. ಲಕ್ಕಮ್ಮ ಹೇಳಿ ಕಳಿಸಿದ ಹಾಗೇ ಈ ಸಲ ಮಾಡಿದರು. ಬಟ್ಟೆ ಹತ್ತಿಯದಾಗಬೇಕು, ಒಗೆದೂ ಒಗೆದೂ ಮೆತ್ತಗಾಗಿರಬೇಕು. ಗಂಟು ಸಡಿಲವಿರಬೇಕು. ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ಬಿಚ್ಚಿ ಕೈಯಾಡಿಸಿ ಮತ್ತೆ ಕಟ್ಟಬೇಕು. ಎರಡನೇ ದಿನ ಬಿಚ್ಚಿದರೆ ಬೆಳ್ಳಗಿನ ಎಳೆ ಬೇರುಗಳು ಪಂಚೆಯ ಹೊರಗೂ ಇಣುಕಿದ್ದವು. ಹಸಿ ಹುಲ್ಲಿನಂಥ ಸಿಹಿ ವಾಸನೆ. ನೆರಳಲ್ಲಿ ಒಣಗಿಸಿ, ಬೇರು ಉದುರುವಂತೆ ಉಜ್ಜಿ, ಕೇರಿ, ಹದವಾಗಿ ಹುರಿದರು. ಬಿಂದುಶ್ರೀ ಮಿಲ್ಲಿಗೆ ಹೋಗಿ, ಮೆಣಸಿನಪುಡಿ ಬೀಸಿದ ಕಲ್ಲಿಗೆ ಹಾಕಬೇಡ ಅಂತ ಮಿಲ್ಲಿನವನ ಜೊತೆ ಮಾವನಷ್ಟೇ ಜೋರಾಗಿ ಜಗಳವಾಡಿ ಬೀಸಿಸಿಕೊಂಡು ಬಂದಳು.

ಬೋರ್ಡು ಅಳಿಸಿ ಹೊಸದಾಗಿ ಬರೆದದ್ದೂ ಆಕೆಯೇ. ಮೊಳಕೆ ರಾಗಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು, ಬೇರೇನೂ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆಯಲೇಬೇಕು ಅಂತ ನರಸಿಂಹಯ್ಯ ಹಟ ಹಿಡಿದರು: ಮೊನ್ನೆ ಹುಳಿಯಾಗಿದ್ದು ನನ್ನ ತಪ್ಪು. ಬೇಡ ಮಾವ, ಜನ ಮರೆತಿರುತ್ತಾರೆ ಅಂದಳು ಬಿಂದುಶ್ರೀ. ಮರೆಯಲಿ ಅಂತ ಕಾಯುವುದಕ್ಕೆ ನಾನೇನು ಮನೋಹರನೇ ಅಂತ ಅವರು ರೇಗಿದರು. ಲೋಟಕ್ಕೆ ಹದಿನೈದು ಇದ್ದದ್ದನ್ನು ಹನ್ನೆರಡು ಮಾಡಿದರು. ಉಳಿಸುವುದಕ್ಕೆ ಅಂತ ತಾನೇ ಇಷ್ಟೆಲ್ಲ ಮಾಡಿದ್ದು ಅಂತ ಅಂಜನಮ್ಮ ಕೇಳಿದರು. ಉಳಿದದ್ದರಲ್ಲಿ ಅವರದ್ದೂ ಪಾಲಿದೆ, ಮೂರು ವರ್ಷ ಸಕ್ಕರೆ ನೀರಿಗೆ ಹದಿನೈದು ಕೊಟ್ಟವರು ಅವರು ಅಂತ ಉತ್ತರ ಬಂತು.

ಸೋಮವಾರ ಬೆಳಿಗ್ಗೆ ಗಾಡಿ ಹೊಂಗೆ ಮರದ ಕೆಳಗೆ ನಿಂತಿತು. ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ. ಎದುರು ಬದಿಯ ಸಾಲು ಇತ್ತ ನೋಡುತ್ತಿತ್ತು, ಅಷ್ಟೆ. ಕೊನೆಗೆ ವಾಣಿಶ್ರೀ ರಸ್ತೆ ದಾಟಿ ಬಂದು ಬೋರ್ಡನ್ನು ಪೂರ್ತಿ ಓದಿದಳು. ಲೋಟ ಇಸಿದುಕೊಂಡು ಮೊದಲು ಮೂಸಿ ನೋಡಿದಳು, ಆಮೇಲೆ ಕುಡಿದಳು. ವಾಸನೆ ಚೆನ್ನಾಗಿದೆ, ಆದರೆ ತೆಳ್ಳಗಿದೆ, ಸಿಹಿ ಸಾಲದು ಅಂದಳು.

"ಮೊಳಕೆ ರಾಗಿ ಗಟ್ಟಿಯಾಗಾಕಿಲ್ಲ ಕಣಮ್ಮ. ಗಟ್ಟಿ ಬೇಕಂದ್ರೆ ಆ ಕಡೆ ಗಂಜಿಪುಡಿ ಐತೆ, ಹೋಗಿ ಕುಡಿ. ನಿನ್ನ ನಾಲಿಗೆ ಕೆಡಿಸಿದ್ದು ನಾನೇ, ಸರಿ ಮಾಡೋನೂ ನಾನೇ. ಎಂಟು ದಿನ ಕುಡಿದು ನೋಡು. ಹಿಡಿಸ್ಲಿಲ್ಲ ಅಂದ್ರೆ ದುಡ್ಡು ವಾಪಸ್."

ಗಿರಾಕಿಗೆ ಹೀಗೆ ಗದರಿ ವ್ಯಾಪಾರ ಮಾಡುವವರನ್ನು ಆ ರಸ್ತೆ ಕಂಡಿರಲಿಲ್ಲ. ವಾಣಿಶ್ರೀ ನಕ್ಕು, ಇನ್ನರ್ಧ ಲೋಟ ಹಾಕಿಸಿಕೊಂಡಳು. ಆ ದಿನ ಹೋದದ್ದು ಹನ್ನೊಂದು ಲೋಟ. ಮಾರನೇ ದಿನ ಮೂವತ್ತು ದಾಟಿತು. ಮುಂಚೆ ಹತ್ತು ಗಂಟೆಗೆಲ್ಲ ಹಸಿದು ತಲೆ ಸುತ್ತುತ್ತಿತ್ತು, ಈಗ ನಿಂತಿದೆ ಅಂತ ಯಾರೋ ಹೇಳಿದ ಮಾತು ಹೊಲಿಗೆ ವಿಭಾಗದಿಂದ ಇಸ್ತ್ರಿ ವಿಭಾಗಕ್ಕೆ ಹಬ್ಬಿತು. ಹದಿನೈದು ದಿನಕ್ಕೆ ಡ್ರಮ್ಮು ಎಂಟೂವರೆಗೇ ಬರಿದಾಗತೊಡಗಿತು. ಎಲ್ಲರೂ ಬರಲಿಲ್ಲ. ಸಿಹಿ ಬೇಕಾದವರು ಅಲ್ಲೇ ಉಳಿದರು. ಅವರ ಬೆನ್ನನ್ನು ನೋಡಿದಾಗೆಲ್ಲ ನರಸಿಂಹಯ್ಯನವರಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮನೋಹರನೇ ರಸ್ತೆ ದಾಟಿ ಬಂದ. ಒಂದು ಲೋಟ ತಗೊಂಡು, ನಿಧಾನವಾಗಿ ಕುಡಿಯುತ್ತಾ, ವ್ಯವಹಾರದ ಮಾತು ತೆಗೆದ. ನಿಮ್ಮ ಪುಡಿಯನ್ನು ನಾನೇ ಸಗಟಾಗಿ ಕೊಳ್ಳುತ್ತೇನೆ, ನಮ್ಮ ಚೀಲಕ್ಕೆ ಸ್ವಲ್ಪ ಬೆರೆಸಿದರೆ ಘಮ ಬರುತ್ತದೆ, ನೀವು ಹೀಗೆ ರಸ್ತೆಯಲ್ಲಿ ನಿಲ್ಲುವುದೂ ತಪ್ಪುತ್ತದೆ ಅಂದ.

"ಎಷ್ಟು ಬೆರೆಸ್ತೀಯ ಅಂತ ಚೀಲದ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೀತೀಯೇನಪ್ಪಾ?"

"ಯಾರು ಓದ್ತಾರೆ ಬಿಡಿ ಯಜಮಾನ್ರೇ."

"ನಮ್ಮನೇಲಿ ಸೊಸೆ ಓದ್ತಾಳೆ."

ಮನೋಹರ ಲೋಟ ಕೆಳಗಿಟ್ಟು, ಯೋಚನೆ ಮಾಡಿ ಹೇಳಿ ಅನ್ನುತ್ತಾ ಬೈಕಿನ ಕಡೆ ಹೊರಟ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ನರಸಿಂಹಯ್ಯ ಸೌಟು ಎತ್ತಿ ಹಿಡಿದು, ಮಗ್ಗದ ಮನೆಯ ದನಿಯಲ್ಲಿ ಅವನನ್ನು ಹೆಸರು ಹಿಡಿದು ಕೂಗಿ ನಿಲ್ಲಿಸಿದರು. ಪಂಕ್ಚರ್ ಅಂಗಡಿಯವನು ಎದ್ದು ನಿಂತ. ಮನೋಹರ ಕುಡಿದ ಲೋಟದ ಹನ್ನೆರಡು ರೂಪಾಯಿ ಇನ್ನೂ ಬಂದಿರಲಿಲ್ಲ.